ಕಲ್ಲು ಬಿದ್ದದ್ದನ್ನು ನೋಡಿದವನು

ಕರಿ ಗ್ರಾನೈಟ್ ಕೊಳ್ಳಲು ಹೊರಟವರಿಗೆ ನಾನು ಇವತ್ತಿಗೂ ಹೇಳುವುದು ಇಷ್ಟೇ: ಜೇಬಿನಲ್ಲಿ ಒಂದು ಬಿಳಿ ಕರವಸ್ತ್ರ, ಉಗುರಿನ ಬಣ್ಣ ತೆಗೆಯುವ ದ್ರವದ ಒಂದು ಸಣ್ಣ ಸೀಸೆ ಇಟ್ಟುಕೊಂಡು ಹೋಗಿ. ಕಲ್ಲಿನ ಮೇಲೆ ಎರಡು ಹನಿ ಹಾಕಿ ಒರೆಸಿ. ಬಟ್ಟೆ ಕಪ್ಪಾದರೆ ಅದು ಬಣ್ಣ ಹಚ್ಚಿದ ಬೂದು ಕಲ್ಲು. ಜಗಳವಾಡದೆ ಹೊರಗೆ ಬನ್ನಿ. ಇನ್ನೊಂದು ಮಾತು. ಮಾರುವವನು ಯಾವ ಪ್ರಶ್ನೆ ಬಂದಾಗ ಸುಮ್ಮನಾಗುತ್ತಾನೆ ಎನ್ನುವುದನ್ನು ಗಮನಿಸಿ. ಬೆಲೆ ಇಳಿಸಬೇಕಾದ ಜಾಗ ಅದೇ.

ಡಲ್ಲಾಸ್‌ನಲ್ಲಿ ಐದು ವರ್ಷ, ಆಮೇಲೆ ಆಸ್ಟಿನ್‌ನಲ್ಲಿ ಕಲ್ಲು ಮಾರಿಕೊಂಡು ಬದುಕಿದ ನನಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಸುಮ್ಮನಿರುವುದು ಹೇಗೆ ಎನ್ನುವುದೂ ಗೊತ್ತು. ಒಮ್ಮೆ ಆರು ತಿಂಗಳು ಸುಮ್ಮನಿದ್ದೆ.

ನಮ್ಮಪ್ಪ ಇಳಕಲ್ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿ. ಎತ್ತಿನ ವ್ಯಾಪಾರ ಅಲ್ಲಿ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಬೆರಳು ಒತ್ತಿ ಬೆಲೆ ಹೇಳುತ್ತಾರೆ, ಬೆರಳು ಮಡಚಿ ಇಳಿಸುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ನಾನು ಹತ್ತು ವರ್ಷದವನಿದ್ದಾಗಲೇ ಅಪ್ಪ ಅಂಗಳದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ಎತ್ತು ಬೇಡವಾದರೆ ಕೈಯನ್ನೇ ಕೊಡಬಾರದು. ಕೈ ಕೊಟ್ಟು ಒಂದು ಬೆರಳು ಮಡಚಿದಿರೋ, ಕೊಳ್ಳುವ ಮನಸ್ಸಿದೆ ಎಂದು ಒಪ್ಪಿಕೊಂಡಂತೆ. ಆಮೇಲೆ ಹಿಂದೆ ಸರಿದವನ ಜೊತೆ ಸಂತೆಯಲ್ಲಿ ಯಾರೂ ಕೂರುವುದಿಲ್ಲ.

ನಾನು ಎತ್ತು ಬಿಟ್ಟು ಕಲ್ಲಿಗೆ ಬಂದೆ. ಕ್ವಾರಿಯಲ್ಲಿ ಬ್ಲಾಕ್ ಅಳೆಯುವ ಕೆಲಸ, ಜೊತೆಗೆ ಭೂವಿಜ್ಞಾನದ ಒಂದು ಡಿಗ್ರಿ. ಬೆಂಗಳೂರು ಮೈಸೂರಿನ ಹುಡುಗರೆಲ್ಲ ಎರಡು ಸಾವಿರದ ಇಸವಿಗೆ ಕಂಪ್ಯೂಟರ್ ಕೆಟ್ಟುಹೋಗದಂತೆ ನೋಡಿಕೊಳ್ಳಲು ಟೆಕ್ಸಾಸಿಗೆ ಹಾರುತ್ತಿದ್ದ ಕಾಲದಲ್ಲಿ ನಾನೂ ಅದೇ ಬಗೆಯ ವೀಸಾದ ಮೇಲೆ ಹಾರಿದೆ, ಕಲ್ಲಿನ ಬಿರುಕು ಓದಲು. ಕರೆಸಿಕೊಂಡವರು ನಮ್ಮ ಪಕ್ಕದ ತಾಲೂಕಿನವರು. ಡಲ್ಲಾಸ್‌ನ ಉತ್ತರಕ್ಕೆ, ಕ್ಯಾರಲ್ಟನ್‌ನ ಗೋದಾಮುಗಳ ಸಾಲಿನಲ್ಲಿ ಅವರದೊಂದು ಗ್ರಾನೈಟ್ ಯಾರ್ಡು. ನಾನು ಅವರನ್ನು ಸಾವಕಾರರೇ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ನಮ್ಮ ಕಡೆ ಅತ್ತಿಗೆಗೆ ಅನ್ನುವಂತೆ ವೈನಿ ಎನ್ನುತ್ತಿದ್ದೆ. ಕನ್ನಡದವರ ಹಬ್ಬಗಳಿಗೆಲ್ಲ ಅವರೇ ಮುಂದೆ. ಹಾಲ್ ಬುಕ್ ಮಾಡುವುದು ಅವರು, ಊರಿಂದ ಬಂದ ಕಲಾವಿದರನ್ನು ಮನೆಯಲ್ಲಿ ಇಳಿಸಿಕೊಳ್ಳುವುದು ಅವರು.

ನನ್ನ ಅಪಾರ್ಟ್‌ಮೆಂಟಿನಲ್ಲಿ ಒಂದು ಹಾಸಿಗೆ, ಒಂದು ಕುರ್ಚಿ, ಅನ್ನದ ಕುಕ್ಕರ್ ಇದ್ದವು. ವಾರದ ಆರು ದಿನ ಕಲ್ಲಿನ ಧೂಳು, ಏಳನೆಯ ದಿನ ವೈನಿಯ ಜೋಳದ ರೊಟ್ಟಿ. ಟೆಕ್ಸಾಸಿನಲ್ಲಿ ನನ್ನ ಪಾಲಿಗೆ ಬಂದ ಕನ್ನಡ ಆ ಅಡುಗೆಮನೆಯ ಮೇಜಿನ ಸುತ್ತಲಿನದು. ವೈನಿ ನನಗೆ ಹೆಣ್ಣು ನೋಡುತ್ತಿದ್ದರು. "ಗ್ರೀನ್ ಕಾರ್ಡ್ ಬರೂತನಾ ತಡಿಯೋ, ಆಮ್ಯಾಲೆ ಸಾಲಗಟ್ಟಿ ನಿಲ್ಲತಾರ," ಎಂದು ಬೆಣ್ಣೆ ಹಚ್ಚುತ್ತ ಹೇಳುತ್ತಿದ್ದರು.

ಯಾರ್ಡಿನಲ್ಲಿ ನನ್ನ ಜೊತೆ ಊಟಕ್ಕೆ ಕೂರುವವರು ಇಬ್ಬರು. ಒಬ್ಬ ಕ್ರೇನಿನ ಕೆಳಗೆ ಸ್ಲ್ಯಾಬ್ ಹಿಡಿಯುವ ಮೆಕ್ಸಿಕೋದವನು. ನನ್ನನ್ನು "ಇಂಡಿಯಾ" ಎಂದೇ ಕರೆಯುತ್ತಿದ್ದ. ಅವನ ತೊರ್ತಿಯಾ ರೊಟ್ಟಿ, ನನ್ನ ಶೇಂಗಾ ಚಟ್ನಿಪುಡಿ. ಇಬ್ಬರ ಇಂಗ್ಲಿಷೂ ಸೇರಿದರೆ ಒಬ್ಬರ ಇಂಗ್ಲಿಷಿನಷ್ಟಾಗುತ್ತಿತ್ತು. ಇನ್ನೊಬ್ಬರು ಕಲ್ಲಿನ ಅಂಚು ಕೊರೆದು ಪಾಲಿಶ್ ಮಾಡುವ ಎಪ್ಪತ್ತು ದಾಟಿದ ಇಟಲಿಯವರು, ಸಿಸಿಲಿ ದ್ವೀಪದ ಒಂದು ಹಳ್ಳಿಯಿಂದ ಹರೆಯದಲ್ಲೇ ಬಂದವರು. ನಾನು ಅವರನ್ನು ಮೇಸ್ತ್ರಿ ಎಂದು ಕರೆದಾಗ ನಕ್ಕಿದ್ದರು. ಅವರ ಊರಿನಲ್ಲೂ ಕುಶಲಕರ್ಮಿಗೆ ಹೆಚ್ಚುಕಡಿಮೆ ಇದೇ ಮಾತಂತೆ. ಹೆಂಡತಿ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಇಡೀ ದಿನದಲ್ಲಿ ಅವರು ಆಡುವ ಮಾತನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದಿತ್ತು.

ನ್ಯೂಯಾರ್ಕಿನ ಆ ಎರಡು ಗೋಪುರಗಳು ಬಿದ್ದ ಮರುವರ್ಷ ನಮ್ಮ ಯಾರ್ಡಿನಲ್ಲಿ ಕಲ್ಲು ಬಿತ್ತು.

ಸ್ಲ್ಯಾಬುಗಳನ್ನು ನಿಲ್ಲಿಸುವುದು ಡೇರೆಯಂತೆ ಇಳಿಜಾರಾದ ಕಬ್ಬಿಣದ ಚೌಕಟ್ಟಿನ ಮೇಲೆ. ಈ ಕಡೆ ಆರು ಒರಗಿಸಿದರೆ ಆ ಕಡೆಯೂ ಆರು. ತೆಗೆಯುವಾಗಲೂ ಹಾಗೆಯೇ, ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ಒಂದೇ ಕಡೆ ಖಾಲಿ ಮಾಡಿದರೆ ಉಳಿದ ಭಾರ ಚೌಕಟ್ಟನ್ನೇ ಎಳೆದುಕೊಂಡು ಬೀಳುತ್ತದೆ. ಕಲ್ಲಿನ ಕೆಲಸಕ್ಕೆ ಸೇರಿದವನಿಗೆ ಮೊದಲ ದಿನ ಹೇಳುವ ಪಾಠ ಇದು.

ಅವತ್ತು ಮನೆ ಕಟ್ಟುವ ಒಬ್ಬ ದೊಡ್ಡ ಗಿರಾಕಿ ಬಂದು ಆಫೀಸಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಅವನಿಗೆ ಬೇಕಾದ ಗೆರೆಯ ಸ್ಲ್ಯಾಬುಗಳೆಲ್ಲ ಚೌಕಟ್ಟಿನ ಒಂದೇ ಬದಿಯಲ್ಲಿದ್ದವು. ನಾಲ್ಕು ತೆಗೆದಾಗಿತ್ತು. ಮೆಕ್ಸಿಕೋದವನು ಇನ್ನೊಂದು ಬದಿಗೆ ಹೋಗಿ ಚೌಕಟ್ಟು ಅಲುಗದಂತೆ ಕೆಳಗೆ ಮರದ ತುಂಡು ಆನಿಸುತ್ತಿದ್ದ.

ನಾನು ಹೇಳಿದೆ. ಒಂದು ಸಲ ಹೇಳಿದೆ.

"ಸಾವಕಾರರೇ, ಆ ಕಡೆಯಿಂದಾನೂ ಎರಡು ತಗೀಬೇಕ್ರಿ."

"ಗಿರಾಕಿ ಒಳಗ ಕುಂತಾನ. ಮೊದಲ ಇವನ್ನ ತಗಿ, ಆಮ್ಯಾಲೆ ನೋಡೂಣು."

ಸಾವಕಾರರು ಬಟನ್ ಒತ್ತಿದರು, ಕ್ರೇನು ಐದನೆಯದನ್ನು ಎತ್ತಿತು. ಚೌಕಟ್ಟು ಮೆಕ್ಸಿಕೋದವನ ಕಡೆಗೆ ವಾಲಿದ್ದನ್ನು ನಾನು ನೋಡಿದೆ. ಸದ್ದು ಆಮೇಲೆ ಕೇಳಿಸಿದಂತೆ ನೆನಪು. ಅವನ ಬಲಗಾಲು ಮೊಣಕಾಲಿನ ಕೆಳಗೆ ಕಲ್ಲಿನಡಿ ಇತ್ತು, ಅವನು ನನ್ನನ್ನೇ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಕಾಲು ತೆಗೆದರು.

ಟೆಕ್ಸಾಸಿನ ಒಂದು ಕಾನೂನನ್ನು ಇಲ್ಲಿ ಹೇಳಿಬಿಡುತ್ತೇನೆ, ಅಲ್ಲಿಗೆ ಹೋಗುವ ನಿಮ್ಮ ಪೈಕಿಯವರಿಗೂ ಉಪಯೋಗವಾದೀತು. ಕೆಲಸಗಾರರಿಗೆ ಅಪಘಾತದ ವಿಮೆ ಮಾಡಿಸುವುದು ಅಲ್ಲಿ ಮಾಲೀಕನ ಇಷ್ಟ. ನಮ್ಮ ಯಾರ್ಡಿನಲ್ಲಿ ಮಾಡಿಸಿರಲಿಲ್ಲ. ವಿಮೆಯಿಲ್ಲದ ಕಡೆ ಗಾಯಗೊಂಡವನು ಕೋರ್ಟಿಗೆ ಹೋಗಿ ಮಾಲೀಕನ ತಪ್ಪು ತೋರಿಸಬೇಕು. ತಪ್ಪೆಲ್ಲ ಕೆಲಸಗಾರನದೇ ಎಂದಾದರೆ ಅವನಿಗೆ ಏನೂ ಇಲ್ಲ. ಕೆಲಸಕ್ಕೆ ಸೇರುವ ಮೊದಲು ಸಂಬಳದ ಜೊತೆ ಇದನ್ನೂ ಕೇಳಿ.

ಹೀಗಾಗಿ ಆ ಸ್ಲ್ಯಾಬುಗಳನ್ನು ಒಂದೇ ಕಡೆಯಿಂದ ತೆಗೆಯಲು ಯಾರು ಹೇಳಿದರು ಎನ್ನುವ ಒಂದು ಮಾತಿನ ಮೇಲೆ ಅವನ ಮುಂದಿನ ಬದುಕೆಲ್ಲ ನಿಂತಿತ್ತು. ಕ್ರೇನಿನ ಬಟನ್ ಸಾವಕಾರರ ಕೈಯಲ್ಲೇ ಇತ್ತು. ಅವರು ಹೇಳಿದ್ದು ಕನ್ನಡದಲ್ಲಿ. ಅಲ್ಲಿದ್ದ ಮೂವರಲ್ಲಿ ಕನ್ನಡ ತಿಳಿಯುತ್ತಿದ್ದದ್ದು ಅವರಿಗೆ ಮತ್ತು ನನಗೆ.

ಮರುದಿನ ಮಧ್ಯಾಹ್ನ ಸಾವಕಾರರು ನನ್ನನ್ನು ಆಫೀಸಿಗೆ ಕರೆದು ಬಾಗಿಲು ಹಾಕಿದರು. ಕಣ್ಣು ಕೆಂಪಗಿದ್ದವು. ಆಮೇಲೆ ಅವರು ಮೇಜಿನ ಮೇಲಿದ್ದ, ಕಲ್ಲು ಒರೆಸುವ ಟವೆಲ್ಲನ್ನು ಎತ್ತಿಕೊಂಡರು.

"ನಿಮ್ಮಪ್ಪನ ವಿದ್ಯಾ ಮರತಿಲ್ಲ ಹೌದಲ್ಲೋ?"

"ಇಲ್ಲರಿ."

ಟವೆಲ್ಲನ್ನು ಬಲಗೈ ಮೇಲೆ ಹೊದಿಸಿ ಚಾಚಿದರು. ದುಃಖದ ನಡುವೆ ಏನೋ ಊರ ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಕೈ ಕೊಟ್ಟೆ.

"ನಿನ್ನ ಗ್ರೀನ್ ಕಾರ್ಡ್ ಫೈಲು," ಎಂದಷ್ಟೇ ಹೇಳಿ ನಾಲ್ಕು ಬೆರಳು ಒತ್ತಿದರು. ನಾಲ್ಕು ವಾರ. ಎರಡು ವರ್ಷದಿಂದ ಇಂದು ನಾಳೆ ಎಂದು ಮುಂದೂಡುತ್ತಿದ್ದ ಅರ್ಜಿ ನಾಲ್ಕು ವಾರದಲ್ಲಿ ಹೋಗುತ್ತದೆ ಎಂದರ್ಥ.

ನನ್ನ ಕೈ ಅವರ ಎರಡು ಬೆರಳುಗಳನ್ನು ಮಡಚಿತು.

ನಾನು ಯೋಚಿಸಿ ಮಾಡಿದ್ದಲ್ಲ ಅದು. ಯಾರಾದರೂ ನಾಲ್ಕು ಎಂದರೆ ಎರಡು ಎನ್ನುವುದು ನನ್ನ ಬೆರಳುಗಳಲ್ಲೇ ಇರುವ ಅಭ್ಯಾಸ. ಸಾವಕಾರರು ಒಂದು ಕ್ಷಣ ನನ್ನ ಮುಖ ನೋಡಿದರು. ಎರಡು ಒತ್ತಿ ಕೈ ಬಿಟ್ಟರು. ಟವೆಲ್ ಮಡಚಿಟ್ಟು, "ಹೋಗು, ಊಟಾ ಮಾಡು," ಎಂದರು.

ಪಾರ್ಕಿಂಗ್ ಲಾಟಿಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ತಿಳಿಯಿತು. ಬದಲಿಗೆ ನಾನು ಏನು ಕೊಡಬೇಕು ಎಂದು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಆದರೆ ಬೆರಳು ಮಡಚಿಬಿಟ್ಟಿದ್ದೆ. ಊರಿನ ಸಂತೆಯ ರೀತಿ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮೈಸೂರಿನ ಕಡೆಯವನಾಗಿದ್ದರೆ ಟವೆಲ್ ನೋಡಿ ಇದೇನು ಸಾರ್ ಎಂದು ಕೇಳಿಬಿಡುತ್ತಿದ್ದನೇನೋ, ಬಚಾವಾಗುತ್ತಿದ್ದ.

ಎರಡು ದಿನ ಬಿಟ್ಟು ಟೈಪ್ ಮಾಡಿದ ಒಂದು ಹಾಳೆ ಬಂತು. ಕೆಲಸಗಾರನು ಯಾರ ಮಾತನ್ನೂ ಕೇಳದೆ ಒಂದೇ ಬದಿಯಿಂದ ಸ್ಲ್ಯಾಬ್ ತೆಗೆಸಿದನು, ಎಚ್ಚರಿಸಿದರೂ ಕೇಳಲಿಲ್ಲ ಎಂದಿತ್ತು. ಎಚ್ಚರಿಕೆಯ ಮಾತು ಮಾತ್ರ ನಿಜ, ಅದನ್ನು ನಾನು ಹೇಳಿದ್ದು ಯಾರಿಗೆ ಎನ್ನುವುದನ್ನು ತಿರುಗಿಸಿದ್ದರು. ಸಹಿ ಹಾಕಿದೆ. ಸರ್ಕಾರದ ಇನ್‌ಸ್ಪೆಕ್ಟರ್ ಬಂದಾಗಲೂ ಅದನ್ನೇ ಹೇಳಿದೆ. ಎರಡು ವಾರಕ್ಕೆ ಸರಿಯಾಗಿ ನನ್ನ ಅರ್ಜಿ ಹೋಯಿತು. ಸಾವಕಾರರು ಮಾತಿಗೆ ತಪ್ಪುವವರಲ್ಲ.

ಆ ಭಾನುವಾರ ವೈನಿ ಹೋಳಿಗೆ ಮಾಡಿದ್ದರು. ಯಾಕೆ ಎಂದು ಅವರೂ ಹೇಳಲಿಲ್ಲ. ಮೂವರೂ ತಟ್ಟೆ ನೋಡಿಕೊಂಡು ತಿಂದೆವು.

ಮೂರನೆಯ ವಾರದಲ್ಲಿ ಮೆಕ್ಸಿಕೋದವನ ಹೆಂಡತಿ ಯಾರ್ಡಿಗೆ ಬಂದಳು. ಲಾಕರಿನಲ್ಲಿ ಉಳಿದಿದ್ದ ಅವನ ಜಾಕೆಟ್ಟು, ಊಟದ ಡಬ್ಬಿ, ಬೂಟುಗಳನ್ನು ಒಂದು ಚೀಲಕ್ಕೆ ಹಾಕಿಕೊಟ್ಟೆ. ಎರಡೂ ಬೂಟು ಹಾಕಬೇಕೋ ಬೇಡವೋ ತಿಳಿಯದೆ ಕೈ ತಡೆಯಿತು, ಕೊನೆಗೆ ಎರಡನ್ನೂ ಹಾಕಿದೆ. ಹ್ಯೂಸ್ಟನ್‌ನಲ್ಲಿರುವ ತನ್ನ ಅಣ್ಣನ ಮನೆಗೆ ಎಲ್ಲರೂ ಹೋಗುತ್ತಿದ್ದೇವೆ ಎಂದಳು. ಆಮೇಲೆ ಬಿಡಿಸಿ ಬಿಡಿಸಿ ಕೇಳಿದಳು, "ನೀನು ಅಲ್ಲೇ ಇದ್ದೆಯಂತೆ. ಏನು ನೋಡಿದೆ?"

"ನಾನು ಕಲ್ಲಿನ ಅಳತೆ ನೋಡುತ್ತಿದ್ದೆ," ಎಂದೆ.

ಅವಳು ತಲೆಯಾಡಿಸಿ ಚೀಲ ಎತ್ತಿಕೊಂಡು ಹೋದಳು. ತಿರುಗಿದರೆ ಪಾಲಿಶ್ ಮಷೀನು ನಿಲ್ಲಿಸಿ ಮೇಸ್ತ್ರಿ ನಿಂತಿದ್ದರು.

ಮರುದಿನ ಊಟದ ಹೊತ್ತಿಗೆ ಬ್ರೆಡ್ಡು ಮುರಿಯುತ್ತ, "ಕಲ್ಲು ತಾನಾಗಿ ಹಾಗೆ ಬೀಳುವುದಿಲ್ಲ," ಎಂದರು.

ನಾನು ಚಟ್ನಿಪುಡಿಯ ಡಬ್ಬಿ ಮುಚ್ಚಿದೆ.

"ಸುಮ್ಮನಿರು, ನಾನೇನು ಪೊಲೀಸನಲ್ಲ. ನಮ್ಮೂರಲ್ಲಿ ಇದಕ್ಕೊಂದು ಹೆಸರಿದೆ. ಒಮೆರ್ತಾ ಅಂತ, ಕಂಡದ್ದನ್ನು ಬಾಯಿ ಬಿಡದಿರುವುದು. ನೀನು ಸಿನಿಮಾದಲ್ಲಿ ಕೇಳಿರಬಹುದು."

ಕೇಳಿದ್ದೆ. ಕೋಟು ಹ್ಯಾಟು ಹಾಕಿಕೊಂಡ ಗೂಂಡಾಗಳು ಬೆರಳು ಕುಯ್ದುಕೊಂಡು ಮಾಡುವ ಪ್ರಮಾಣ ಎಂದು ತಿಳಿದಿದ್ದೆ. ಹಾಗೆಂದೆ.

ಮೇಸ್ತ್ರಿ ನಕ್ಕರು. "ಗೂಂಡಾಗಳು ಎಷ್ಟು ಮಂದಿ ಇರುತ್ತಾರೆ ಒಂದು ಹಳ್ಳಿಯಲ್ಲಿ? ಐದು, ಆರು. ಅವರು ಬಾಯಿ ಬಿಡದಿದ್ದರೆ ಏನಾಯಿತು, ಕಳ್ಳ ತಾನು ಕದ್ದೆ ಅಂತ ಎಲ್ಲಿಯಾದರೂ ಹೇಳುತ್ತಾನಾ? ಅದನ್ನು ಕಾಯುವವರು ರೊಟ್ಟಿ ಸುಡುವವನು, ಚಮ್ಮಾರ, ಕ್ಷೌರದವನು."

ಆಮೇಲೆ ಹೇಳಿದರು. ಅವರಿಗೆ ಒಂಬತ್ತು ವರ್ಷ. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದರು, ಅರ್ಧ ತಲೆ ಆಗಿತ್ತು. ಹೊರಗೆ ಚೌಕದಲ್ಲಿ, ನಡು ಹಗಲಿನಲ್ಲಿ, ಒಬ್ಬ ಇನ್ನೊಬ್ಬನಿಗೆ ಎರಡು ಗುಂಡು ಹೊಡೆದು ಟೋಪಿ ಸರಿ ಮಾಡಿಕೊಂಡು ನಡೆದು ಹೋದ. ಕ್ಷೌರದವನು ಬಾಗಿಲ ಪರದೆ ಎಳೆದು ಉಳಿದರ್ಧ ತಲೆಯನ್ನು ನಿಧಾನವಾಗಿ ಕತ್ತರಿಸಿದ. ಪೊಲೀಸರು ಬಂದು ಕೇಳಿದಾಗ, "ನಾನು ಹುಡುಗನ ತಲೆ ನೋಡುತ್ತಿದ್ದೆ," ಎಂದ.

ಮೇಸ್ತ್ರಿ ಅಷ್ಟು ಹೇಳಿ ನನ್ನ ಮುಖ ನೋಡಲಿಲ್ಲ. ಅವರ ಸೌಜನ್ಯ ಅದು.

"ಹುಡುಗನನ್ನು ಕೇಳಲಿಲ್ಲವಾ?"

"ಕೇಳಿದರು. ಕನ್ನಡಿ ನೋಡುತ್ತಿದ್ದೆ ಅಂದೆ. ಕನ್ನಡಿಯಲ್ಲೇ ಕಂಡಿತ್ತು ಎಲ್ಲ." ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಒಟ್ಟುಮಾಡಿಕೊಂಡರು. "ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಳ್ಳುತ್ತಾರೆ ಜನ. ಸತ್ತವನ ಹೆಂಡತಿ ನಮ್ಮ ಮನೆಯಿಂದ ಎರಡನೇ ಮನೆ. ಕೋಳಿ ಸಾಕಿದ್ದಳು. ಅವತ್ತಿನಿಂದ ಯಾರೂ ಅವಳ ಮೊಟ್ಟೆ ಕೊಳ್ಳಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ, ಪಾಪ ಅಂತಲೇ ಎಲ್ಲರಿಗೂ. ಆದರೆ ಮೊಟ್ಟೆ ಕೊಳ್ಳಬೇಕಾದರೆ ಬಾಗಿಲಲ್ಲಿ ನಿಲ್ಲಬೇಕು. ನಿಂತರೆ ಅವಳು ಕೇಳುತ್ತಾಳೆ."

"ಈಗ ಹೇಳಬಹುದಲ್ಲ. ಹೊಡೆದವನು ಯಾರು?"

ಬಾಯಿ ತೆರೆದರು. ನಿಜವಾಗಿ ತೆರೆದರು, ನಾನು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿ ತಲೆಯಾಡಿಸಿದರು. "ಅವನು ಸತ್ತ. ಅವನ ಮಗ ಸತ್ತ. ಅರ್ಧ ಹಳ್ಳಿ ಖಾಲಿಯಾಯಿತು. ನನ್ನ ಹೆಂಡತಿಗೂ ಹೇಳಿಲ್ಲ. ಬಾಯಿಗೆ ಬರುವುದಿಲ್ಲ."

"ಹಾಗಾದರೆ ನಾನು ಹೇಳಬೇಕು ಅಂತೀರಾ?"

"ನಾನು ಏನೂ ಅನ್ನುವುದಿಲ್ಲ. ಗಿರಾಕಿಗಳಿಗೆ ಸಲಹೆ ಕೊಡುವವನು ನೀನು, ನಾನಲ್ಲ," ಎಂದು ಎದ್ದುಹೋದರು.

ಇಲ್ಲಿಂದ ಮುಂದೆ ನಾನು ಓಡಿಹೋಗಿ ಸತ್ಯ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಾನು ಹಾಗೆ ಮಾಡುವವನಲ್ಲ. ಸಾವಕಾರರನ್ನು ಎದುರು ಹಾಕಿಕೊಂಡ ದಿನವೇ ನನ್ನ ವೀಸಾ ಹೋಗುತ್ತದೆ. ಆ ವರ್ಷ ಕಂದು ಮೈಬಣ್ಣದವನು ಕಾಗದವಿಲ್ಲದೆ ಟೆಕ್ಸಾಸಿನಲ್ಲಿ ಒಂದು ವಾರ ಇರುವುದೂ ಕಷ್ಟ. ಮೊದಲು ಇಮಿಗ್ರೇಷನ್ ವಕೀಲರೊಬ್ಬರನ್ನು ಕಂಡು, ಬೇರೆ ಕಂಪನಿಗೆ ವೀಸಾ ವರ್ಗ ಮಾಡಿಸಿಕೊಳ್ಳಬಹುದು ಎಂದು ಖಚಿತ ಮಾಡಿಕೊಂಡೆ. ಕಲ್ಲಿನ ಕಂಪನಿಗಳಿಗೆ ಅರ್ಜಿ ಹಾಕಿದೆ. ಯಾರೂ ಉತ್ತರಿಸಲಿಲ್ಲ. ಮೇಸ್ತ್ರಿ ಒಂದು ದಿನ ಏನೂ ಪೀಠಿಕೆಯಿಲ್ಲದೆ ಆಸ್ಟಿನ್‌ನ ಒಂದು ಯಾರ್ಡಿನ ಫೋನ್ ನಂಬರ್ ಬರೆದ ಚೀಟಿ ಕೊಟ್ಟು, "ನಿನ್ನ ಬಗ್ಗೆ ಹೇಳಿದ್ದೇನೆ," ಎಂದರು. ಅವರಂಥ ಮನುಷ್ಯ ಯಾರ ಬಗ್ಗೆಯಾದರೂ ಹೇಳುವುದೆಂದರೆ ಏನು ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಆ ಯಾರ್ಡಿನವರು ಒಪ್ಪಿದರು, ಸಂಬಳದಲ್ಲಿ ನಾನು ಚೌಕಾಶಿಯನ್ನೂ ಮಾಡಿದೆ.

ಇದಕ್ಕೆಲ್ಲ ಆರು ತಿಂಗಳು ಹಿಡಿಯಿತು. ಸತ್ಯ ಹೇಳುವ ಮುಂಚೆ ಇನ್ನೊಂದು ಕೆಲಸ, ಇನ್ನೊಂದು ಬಾಡಿಗೆ ಮನೆ ನೋಡಿಟ್ಟುಕೊಳ್ಳಿ ಎಂದು ನಾನು ಯಾರಿಗಾದರೂ ಹೇಳಿಯೇನು. ಅದು ಒಳ್ಳೆಯ ಸಲಹೆ. ಆದರೆ ಆ ಆರು ತಿಂಗಳೂ ಹ್ಯೂಸ್ಟನ್‌ನಲ್ಲಿ ಅಣ್ಣನ ಮನೆಯ ಗ್ಯಾರೇಜಿನಲ್ಲಿ ಒಂದು ಸಂಸಾರ ಮಲಗುತ್ತಿತ್ತು ಎನ್ನುವುದು ನನಗೆ ಗೊತ್ತಿತ್ತು. ನಾನು ಪ್ರತಿ ಭಾನುವಾರ ರೊಟ್ಟಿಗೆ ಹೋಗುತ್ತಿದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೇನೆಂದರೆ ಹೋಗಲು ಬೇರೆ ಮನೆ ಇರಲಿಲ್ಲ.

ಆಸ್ಟಿನ್‌ನ ಕಾಗದ ಕೈಗೆ ಬಂದ ಮೇಲೆ, ಮೆಕ್ಸಿಕೋದವನ ಪರವಾಗಿ ಕೇಸು ಹಾಕಿದ್ದ ವಕೀಲನಿಗೆ ಫೋನ್ ಮಾಡಿದೆ.

ಹ್ಯೂಸ್ಟನ್‌ನ ವಕೀಲನ ಆಫೀಸಿನಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಿತ್ತು. ಡಲ್ಲಾಸ್‌ನಿಂದ ನಾಲ್ಕು ಗಂಟೆಯ ದಾರಿ, ರೇಡಿಯೋ ಹಾಕದೆ ಡ್ರೈವ್ ಮಾಡಿದೆ. ಉದ್ದನೆಯ ಮೇಜಿನ ಒಂದು ಕಡೆ ಅವನು, ಗೋಡೆಗೆ ಊರುಗೋಲು ಒರಗಿಸಿಕೊಂಡು. ಎದುರಿಗೆ ಸಾವಕಾರರು ಮತ್ತು ಅವರ ವಕೀಲ. ಮಾತೆಲ್ಲ ಟೈಪ್ ಮಾಡಿಕೊಳ್ಳಲು ಒಬ್ಬ ಹೆಂಗಸು. ನಾನು ನೋಡಿದ್ದನ್ನು ಹೇಳಿದೆ. ಕನ್ನಡದಲ್ಲಿ ಆಡಿದ ಆ ಎರಡು ಮಾತುಗಳನ್ನು ಹೇಳಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಆಗ ಸಾವಕಾರರ ವಕೀಲ ಕೇಳಿದ.

"ಮೊದಲು ಸಹಿ ಮಾಡಿದ ಹೇಳಿಕೆ ಸುಳ್ಳು ಎನ್ನುತ್ತೀರಿ. ಸುಳ್ಳು ಹೇಳಲು ನಿಮಗೆ ಯಾರಾದರೂ ಹೇಳಿದರೇ?"

"ಬಾಯಿಂದ ಹೇಳಲಿಲ್ಲ."

"ಮತ್ತೆ?"

ನಾನು ಟವೆಲ್ಲಿನ ವ್ಯಾಪಾರವನ್ನು ವಿವರಿಸಿದೆ. ಎತ್ತಿನ ಸಂತೆಯಿಂದ ಶುರು ಮಾಡಬೇಕಾಯಿತು. ಕೈ ಚಾಚಿ ಬೆರಳು ಮಡಚಿ ತೋರಿಸುತ್ತಿದ್ದಾಗ ಟೈಪ್ ಮಾಡುವ ಹೆಂಗಸು ಕೈಯೆತ್ತಿ, "ಸರ್, ದಯವಿಟ್ಟು ಮಾತಿನಲ್ಲಿ ಹೇಳಿ, ಸನ್ನೆ ಬರೆದುಕೊಳ್ಳಲು ಆಗುವುದಿಲ್ಲ," ಎಂದಳು. ಮೆಕ್ಸಿಕೋದವನು ನಕ್ಕುಬಿಟ್ಟ. ಸಾವಕಾರರ ತುಟಿಯ ಮೂಲೆಯೂ ಅಲುಗಿತು. ಇಡೀ ಕೋಣೆಯಲ್ಲಿ ನನ್ನ ಕೈ ಏನು ಹೇಳುತ್ತಿದೆ ಎಂದು ತಿಳಿದಿದ್ದವರು ಅವರೊಬ್ಬರೇ.

ಮಧ್ಯೆ ಬಿಡುವು ಕೊಟ್ಟಾಗ ನೀರು ಕುಡಿಯುವ ಜಾಗದಲ್ಲಿ ಇಬ್ಬರೂ ಎದುರಾದೆವು.

"ಏನ್ ತಗೊಂಡಿ ಅವರ ಕಡಿಂದ?" ಎಂದರು.

"ಏನೂ ಇಲ್ಲರಿ."

ಕಾಗದದ ಲೋಟ ಹಿಂಡಿ ಬುಟ್ಟಿಗೆ ಹಾಕಿದರು. "ಹಂಗಾದ್ರ ವ್ಯಾಪಾರಾನೂ ಮರತಿ."

ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಕೇಸು ಕೋರ್ಟಿನ ತನಕ ಹೋಗದೆ ರಾಜಿಯಾಯಿತು. ಅವನಿಗೆ ಒಳ್ಳೆಯ ಕೃತಕ ಕಾಲು ಬಂತು, ಸ್ವಂತ ಮನೆ ಆಯಿತು ಎಂದು ಅವನ ವಕೀಲ ಹೇಳಿದ. ಅವನು ನನಗೆ ಫೋನ್ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ, ಆರು ತಿಂಗಳು ತಡವಾಗಿ ಬಂದವನಿಗೆ ಏನೆಂದು ಹೇಳುವುದು?

ಮೇಸ್ತ್ರಿಗೆ ಫೋನ್ ಮಾಡಿ ಹೇಳಿದಾಗ ಪೂರ್ತಿ ಕೇಳಿದರು. ಆಮೇಲೆ, "ಅಡುಗೆ ಮಾಡಿಕೊಳ್ಳಲು ಬರುತ್ತದಾ ನಿನಗೆ?" ಎಂದರು.

"ಅನ್ನ ಬರುತ್ತದೆ."

"ಉಳಿದದ್ದೂ ಕಲಿತುಕೋ."

ಕಲಿತೆ. ಆಸ್ಟಿನ್‌ನ ಉತ್ತರಕ್ಕೆ, ಆಗಷ್ಟೇ ಮನೆಗಳು ಏಳುತ್ತಿದ್ದ ಲಿಯಾಂಡರ್‌ನಲ್ಲಿ ಬಾಡಿಗೆಗೆ ಇದ್ದೆ. ಸುದ್ದಿ ನನಗಿಂತ ಮೊದಲೇ ಹೆದ್ದಾರಿ ಇಳಿದು ಬಂದಿತ್ತು. ಅಲ್ಲಿನ ಕನ್ನಡದವರು ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು, ಉತ್ತರದಲ್ಲಿ ನಾನು ಗಟ್ಟಿ. ಯುಗಾದಿಯ ಇಮೇಲ್ ಬರಲಿಲ್ಲ, ಅಷ್ಟೇ. ಕೇಳಿದರೆ, "ಅಯ್ಯೋ, ಲಿಸ್ಟ್‌ನಲ್ಲಿ ಬಿಟ್ಟುಹೋಗಿರಬೇಕು, ನೆಕ್ಸ್ಟ್ ಟೈಮ್ ಹಾಕ್ತೀವಿ ಬಿಡಿ," ಎಂದು ನಯವಾಗಿ ಹೇಳುತ್ತಿದ್ದರು. ಮುಂದಿನ ಸಲವೂ ಬಿಟ್ಟುಹೋಗುತ್ತಿತ್ತು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವರಿಗೆಲ್ಲ ಏನು ನಡೆಯಿತು ಎನ್ನುವುದು ಸರಿಯಾಗಿ ಗೊತ್ತಿತ್ತು. ನನ್ನ ಜೊತೆ ನಿಂತರೆ ಆ ಮಾತು ಬರುತ್ತದೆ, ಬಂದರೆ ಒಂದು ಕಡೆ ಹಿಡಿಯಬೇಕು, ಟೆಕ್ಸಾಸಿನ ಕನ್ನಡದವರೆಲ್ಲ ಸೇರುವ ಹಬ್ಬಕ್ಕೆ ಹಾಲ್ ಬುಕ್ ಮಾಡುವವರು ಸಾವಕಾರರು.

ಒಮ್ಮೆ ಕಲ್ಲು ಇಳಿಸಲು ಹ್ಯೂಸ್ಟನ್ ಕಡೆ ಹೋದವನು ಅಲ್ಲಿನ ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕುತ್ತಿದ್ದೆ. ಡಲ್ಲಾಸ್‌ನಲ್ಲಿ ಸಾವಕಾರರ ಮನೆಗೆ ಬರುತ್ತಿದ್ದ ಡಾಕ್ಟರೊಬ್ಬರ ಹೆಂಡತಿ, ನೆಂಟರ ಮನೆಗೆ ಬಂದಿದ್ದರೋ ಏನೋ, ಅದೇ ಸಾಲಿಗೆ ಬಂದರು. ನೋಡಿದರು. ಮಸಾಲೆಯ ಪ್ಯಾಕೆಟ್ ಓದುವಂತೆ ಮಾಡಿ ತಳ್ಳುಗಾಡಿ ತಿರುಗಿಸಿದರು. ಜೊತೆಗಿದ್ದ ಏಳೆಂಟು ವರ್ಷದ ಮಗಳು ಮಾತ್ರ ನಿಂತು, "ಹಾಯ್ ಅಂಕಲ್, ಹೌ ಕಮ್ ಯು ಡೋಂಟ್ ಕಮ್ ಎನಿಮೋರ್?" ಎಂದಳು.

"ನಾನು ಆಸ್ಟಿನ್‌ಗೆ ಶಿಫ್ಟ್ ಆದೆನಮ್ಮ," ಎಂದೆ.

"ಓಕೆ," ಎಂದು ಅಮ್ಮನ ಹಿಂದೆ ಓಡಿದಳು. ನಾನು ಹಿಟ್ಟು ತೆಗೆದುಕೊಳ್ಳದೆ ಬಂದೆ. ವ್ಯಾಪಾರಕ್ಕೆ ಹೋದವನು ಬರಿಗೈಲಿ ಹಿಂದಿರುಗುವುದು ನನ್ನ ಸ್ವಭಾವವಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಅದನ್ನು ಇಷ್ಟು ವರ್ಷ ಬರೆಯಲಾಗುತ್ತಿರಲಿಲ್ಲ. ಈಗ ವೈನಿ ತೀರಿಕೊಂಡಿದ್ದಾರೆ, ಸಾವಕಾರರೂ ಇಲ್ಲ.

ನಾನು ಲಿಯಾಂಡರ್‌ಗೆ ಬಂದ ಮೂರನೆಯ ವರ್ಷ, ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಅತ್ತಕಡೆ ಪಿಸುಮಾತು.

"ಊಟಾ ಆತೇನೋ?"

ದನಿ ಕೇಳಿ ನಾನು ಎದ್ದು ನಿಂತೆ. "ಆತ್ರಿ ವೈನಿ."

"ಏನ್ ಮಾಡಿದ್ದಿ?"

"ರೊಟ್ಟಿ, ಬದನಿಕಾಯಿ."

"ರೊಟ್ಟಿ ಬಡೀತಿಯೇನು ನೀ? ಹರಿಯಾಂಗಿಲ್ಲೇನು?"

"ಅಂಚು ಸೀಳತದರಿ."

"ನೀರು ಭಾಳ ಕುದಿಸಿ ಹಾಕು. ನಾದೂದು ನಾದು, ಸಂಕೋಚ ಮಾಡಬ್ಯಾಡ." ಹಿಂದೆ ಎಲ್ಲೋ ಟಿವಿಯ ಸದ್ದು. "ಅವರು ಮಲಗ್ಯಾರ. ಅದಕ್ಕ ಸಣ್ಣಗ ಮಾತಾಡಾಕತ್ತೀನಿ."

ಹಿಟ್ಟಿನ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಊರಿನಲ್ಲಿ ಮಳೆಯಾಗಿದ್ದರ ಬಗ್ಗೆ ಹೇಳಿದರು. ನಾನು ಹೂಂ ಎನ್ನುತ್ತಿದ್ದೆ. ಕನ್ನಡದಲ್ಲಿ ಹೂಂ ಎಂದು ಎಷ್ಟೋ ದಿನಗಳಾಗಿದ್ದವು. ಆಮೇಲೆ ದನಿಯನ್ನು ಇನ್ನೂ ತಗ್ಗಿಸಿದರು.

"ಅವತ್ತ ಸಂಜೀಕ ಮನಿಗೆ ಬಂದು ಕೈಕಾಲು ತೊಳೀಲಿಲ್ಲ ಅವರು. ಎಲ್ಲಾ ಹೇಳಿದ್ರು ನನ್ನ ಮುಂದ. 'ನಾ ಹೇಳಿದ್ದಕ್ಕ ಕಲ್ಲು ಬಿತ್ತು' ಅಂದ್ರು. ನನಗ ಮೊದಲ ದಿನದಿಂದ ಗೊತ್ತಿತ್ತೋ."

ಹೋಳಿಗೆಯ ಭಾನುವಾರ ನನ್ನ ಕಣ್ಣ ಮುಂದೆ ಬಂತು.

"ನೀ ಮಾಡಿದ್ದು ತಪ್ಪು ಅಂತ ನಾ ಅನ್ನೂದಿಲ್ಲ," ಎಂದರು. "ಸರಿ ಅಂತಾನೂ ಅನ್ನಾಕ ಬರೂದಿಲ್ಲ ನನಗ. ಇದೇ ಮನ್ಯಾಗ ಇರಬೇಕಲ್ಲ ನಾನು."

"ಹೌದ್ರಿ."

"ನಾ ಫೋನ್ ಮಾಡಿದ್ದು ಯಾರ ಮುಂದೂ ಹೇಳಬ್ಯಾಡ."

"ಹೇಳೂದಿಲ್ರಿ ವೈನಿ."

ಫೋನ್ ಇಟ್ಟರು. ನಾನು ಅಡುಗೆಮನೆಯಲ್ಲಿ ರಿಸೀವರ್ ಹಿಡಿದು ಹಾಗೆಯೇ ನಿಂತಿದ್ದೆ. ಇಷ್ಟು ಸುಲಭವಾಗಿ ಕೊಟ್ಟ ಮಾತು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಹೇಳಬೇಕೆಂದರೂ ಆ ಊರಿನಲ್ಲಿ ನನಗೆ ಯಾರಿದ್ದರು?